ಕೈಗವಸಿನೊಳಗಿನ ಗುರೆಳ್ಳು ಹಿಂಡಿ

ಚಳಿ ಶುರುವಾಯಿತೆಂದು ಮೊನ್ನೆ ಟ್ರಂಕು ತೆರೆದು ಉಣ್ಣೆಯ ಬಟ್ಟೆಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವುತ್ತಿದ್ದೆ. ರಾಮದುರ್ಗದಲ್ಲಿ ಎಂಥ ಚಳಿ ಎಂದು ನಗಬೇಡಿ. ಬೆಳಗಿನ ಹೊತ್ತು ನಮಗೂ ಚಳಿಯಾಗುತ್ತದೆ. ಚಹಾ ಕುಡಿದು ಮುಗಿಯುವಷ್ಟರಲ್ಲಿ ಫ್ಯಾನು ಹಾಕುತ್ತೇವೆ, ಆ ಮಾತು ಬೇರೆ. ಸ್ವೆಟರು, ಶಾಲು, ನಮ್ಮನೆಯವರ ಮಫ್ಲರು ಎಲ್ಲ ತೆಗೆದ ಮೇಲೆ ಟ್ರಂಕಿನ ತಳದಲ್ಲಿ ಒಂದು ಜೊತೆ ನೀಲಿ ಕೈಗವಸು ಸಿಕ್ಕಿತು. ದಪ್ಪನೆಯವು, ಒಳಗೆ ಮೆತ್ತಗೆ ತುಪ್ಪಳವಿರುವವು. ಇವನ್ನು ಹಾಕಿಕೊಂಡು ನಮ್ಮ ಓಣಿಯಲ್ಲಿ ನಡೆದರೆ, ಈ ವಯಸ್ಸಿನಲ್ಲಿ ಅಕ್ಕಾರು ವೆಲ್ಡಿಂಗ್ ಕೆಲಸಕ್ಕೆ ಹೊರಟರಲ್ಲ ಎಂದುಕೊಂಡಾರು. ಬಲಗೈಯದನ್ನು ಕೊಡವಿ ಮೂಗಿನ ಹತ್ತಿರ ಹಿಡಿದೆ. ಡಾಂಬರ ಗುಳಿಗೆಯ ಘಾಟಿನ ಹಿಂದಿನಿಂದ ಸಣ್ಣಗೆ ಗುರೆಳ್ಳು ಹಿಂಡಿಯ ವಾಸನೆ ಬಂತು. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಕೆಂಪು ಖಾರ. ಬಿಸಿಲಲ್ಲಿ ಹಾಗೇ ಕೂತುಬಿಟ್ಟೆ.

ಕೈಗವಸಿಗೂ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ಆದರೆ ಸೀದಾ ಹೇಳಲು ನನಗೆ ಬರುವುದಿಲ್ಲ. ನನ್ನ ತವರಿನವರು ಯಾರೂ ಸೀದಾ ದಾರಿಯಲ್ಲಿ ಎಲ್ಲಿಗೂ ಹೋದವರಲ್ಲ. ಇಷ್ಟೆಲ್ಲ ಆದದ್ದೂ ಅದರಿಂದಲೇ.

ನನ್ನ ತವರು ಬೈಲಹೊಂಗಲ. ನಾವು ಮೂವರು. ದೊಡ್ಡವನು ಶಿವಣ್ಣ, ನಡುವೆ ನಾನು, ಸಣ್ಣವನು ಮಲ್ಲು. ಅಣ್ಣನದು ಬೈಲಹೊಂಗಲದ ಪೇಟೆಯಲ್ಲಿ ಹತ್ತಿ, ಕಾಳಿನ ದಲಾಲಿ ಅಂಗಡಿ. ಮಲ್ಲುವಿನದು ಕಿತ್ತೂರಿನಲ್ಲಿ ಹೈವೇ ಬದಿಗೆ ಟಾಯರ್ ಅಂಗಡಿ. ಅಂಗಡಿಗಿಂತ ಹೆಚ್ಚಾಗಿ ಅವರ ಸ್ವಭಾವ ತಿಳಿಯಬೇಕೆಂದರೆ ಅವರ ಜೊತೆ ಪ್ರಯಾಣ ಮಾಡಬೇಕು. ಅಣ್ಣನಿಗೆ ಬಸ್ಸು, ರೈಲು ಬಿಟ್ಟರೆ ಬೇರೆ ವಾಹನದ ಮೇಲೆ ನಂಬಿಕೆಯಿಲ್ಲ. ಬಸ್ಸು ಡಿಪೋದಿಂದ ಹೊರಡುವ ಮೊದಲೇ ಅವನು ಸ್ಟ್ಯಾಂಡಿನಲ್ಲಿ ಕೂತಿರುತ್ತಾನೆ, ತೊಡೆಯ ಮೇಲೆ ಬುತ್ತಿ. ಮಲ್ಲು ಇದರ ತದ್ವಿರುದ್ಧ. ಸ್ಟೇರಿಂಗ್ ತನ್ನ ಕೈಯಲ್ಲಿಲ್ಲದ ಗಾಡಿಯಲ್ಲಿ ಕೂತರೆ ಅವನಿಗೆ ಕೈಕಾಲು ಕಟ್ಟಿ ಹಾಕಿದಂತಾಗುತ್ತದೆ. ಬಾಡಿಗೆ ಜೀಪಿನಲ್ಲಿ ಕೂತರೂ ಬಲಗಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಿರುತ್ತಾನೆ.

ನನ್ನ ಮಗಳು ವಿದ್ಯಾಳ ಮದುವೆ ರಾಮದುರ್ಗದಲ್ಲಿ ನಮ್ಮ ಮನೆಯ ಮುಂದೆಯೇ ಹಂದರ ಹಾಕಿ ನಡೆಯಿತು. ನಮ್ಮ ಕಡೆ ಅಕ್ಷತೆ ಬೀಳುವ ಹೊತ್ತಿಗೆ ಮದುಮಗಳ ಹಿಂದೆ ಸೋದರಮಾವ ನಿಲ್ಲಬೇಕು. ಮಾಡುವ ಕೆಲಸ ಏನೂ ಇಲ್ಲ, ಬರೀ ನಿಲ್ಲುವುದು. ಆದರೂ ಹಿಂದೆ ತನ್ನವರು ನಿಂತಿದ್ದಾರೆಂಬ ಧೈರ್ಯದಲ್ಲಿ ಹುಡುಗಿ ಮುಂದೆ ನೋಡುತ್ತಾಳೆ. ವಿದ್ಯಾಳಿಗಂತೂ ಇಬ್ಬರು ಮಾವಂದಿರು. ಶಾಲೆಯ ಸೂಟಿಗೆ ಬೈಲಹೊಂಗಲಕ್ಕೆ ಹೋದಾಗ ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ದಾಟಿ ಇಡೀ ಊರು ನೋಡಿದವಳು ಅವಳು. ತನ್ನ ಮದುವೆಯಲ್ಲಿ ಇಬ್ಬರೂ ಹಿಂದೆ ನಿಲ್ಲಬೇಕೆಂದು ನಿಶ್ಚಯವಾದ ದಿನದಿಂದಲೇ ಹೇಳುತ್ತಿದ್ದಳು.

ಮದುವೆಯ ಬೆಳಿಗ್ಗೆ ಅಣ್ಣ ಬಸ್ಸು ಎಂದ, ಮಲ್ಲು ತನ್ನ ಹೊಸ ಕಾರು ಎಂದ. ಕಾರೇ ಗೆದ್ದಿತು. ಬೈಲಹೊಂಗಲದಿಂದ ರಾಮದುರ್ಗಕ್ಕೆ ಯರಗಟ್ಟಿಯ ಮೇಲೆ ಬರಬಹುದು, ಸುತ್ತಾದರೂ ಸವದತ್ತಿಯ ಮೇಲೂ ಬರಬಹುದು. ಅಣ್ಣ ಯರಗಟ್ಟಿ ಎಂದ. ರಸ್ತೆ ಚಲೋ ಇದೆ, ಕಾರು ಓಡಿಸಲು ಮಜಾ ಬರುತ್ತದೆ ಎಂದು ಮಲ್ಲು ಮುನವಳ್ಳಿ ದಾಟಿಸಿ ಸವದತ್ತಿಗೆ ತಂದ. ಹುಣ್ಣಿಮೆ ಹತ್ತಿರವಿತ್ತು. ಹುಣ್ಣಿಮೆ ಹತ್ತಿರವಿರುವಾಗ ಯಲ್ಲಮ್ಮನ ಗುಡ್ಡದ ಕಡೆ ಗಾಡಿ ತಿರುಗಿಸುವವರು ನಮ್ಮ ತಾಲೂಕುಗಳಲ್ಲಿ ಎರಡೇ ಥರದವರು, ಹರಕೆ ಹೊತ್ತವರು ಇಲ್ಲವೇ ತಲೆ ಕೆಟ್ಟವರು. ಅಲ್ಲಿಯವರೆಗಿನ ತಪ್ಪು ಮಲ್ಲುವಿನದು. ಅಲ್ಲಿಂದ ಮುಂದಿನದು ಅಣ್ಣನದು. ಗುಡ್ಡದ ಬುಡಕ್ಕೆ ಬಂದು ಒಂದು ಕಾಯಿ ಒಡೆಸದೆ ಹೋದರೆ ಹುಡುಗಿಗೆ ಒಳಿತಲ್ಲ, ಐದು ನಿಮಿಷದ ಕೆಲಸ, ಉಗರಗೋಳದ ಕಡೆ ಹೊರಳಿಸು ಎಂದ. ಹೊರಳಿಸಿದರು. ಜಾತ್ರೆಗೆ ಹೊರಟ ಟ್ರ್ಯಾಕ್ಟರು, ಚಕ್ಕಡಿ, ಟೆಂಪೊಗಳ ನಡುವೆ ಹೊಸ ಕಾರು ಸಿಕ್ಕಿಕೊಂಡು, ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

ಇಲ್ಲಿ ಹಂದರದಲ್ಲಿ ಅಯ್ಯನವರು ಮುಹೂರ್ತ ಮೀರುತ್ತದೆ ಎಂದರು. ನಮ್ಮನೆಯವರ ದೂರದ ಅಣ್ಣತಮ್ಮಂದಿರಲ್ಲಿ ಯಾರನ್ನೋ ಕರೆದು ಹಿಂದೆ ನಿಲ್ಲಿಸಿದೆವು. ಅಕ್ಷತೆ ಬೀಳುವಾಗ ವಿದ್ಯಾ ಒಂದೇ ಒಂದು ಸಲ ಹಿಂದೆ ತಿರುಗಿ ನೋಡಿದಳು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಇಬ್ಬರೂ ಬಂದು ಮುಟ್ಟಿದಾಗ ಎರಡನೇ ಪಂಕ್ತಿಯ ಊಟ ನಡೆದಿತ್ತು. ಅಣ್ಣನ ಕೈಯಲ್ಲಿ ಒಡೆಸಿದ ಕಾಯಿಯ ಹೋಳಿತ್ತು.

ಅವತ್ತು ಹಂದರದಲ್ಲೇ ಜಗಳವಾಯಿತು. ಆ ದಾರಿ ಹಿಡಿದವನು ಯಾರು, ಆ ಕಾಯಿ ಬೇಡಿದವನು ಯಾರು. ಆ ಮೇಲೆ ಮಾತು ನಿಂತಿತು. ಒಬ್ಬರು ಇದ್ದ ಗಾಡಿಗೆ ಇನ್ನೊಬ್ಬರು ಹತ್ತುವುದೂ ನಿಂತಿತು. ಆಸ್ತಿಗಾಗಿ ಅಣ್ಣತಮ್ಮಂದಿರು ಜಗಳಾಡಿದರೆ ಹಿರಿಯರು ಕೂತು ಪಾಲು ಮಾಡಿಯಾರು. ಒಂದು ತಿರುವಿಗಾಗಿ ಜಗಳಾಡಿದವರಿಗೆ ಯಾರು ಏನು ಪಾಲು ಮಾಡಬೇಕು?

ಆದರೆ ಮಾತು ಬಿಟ್ಟರೂ ಸಂಸಾರದ ಸುದ್ದಿ ಬಿಡಲಾಗುತ್ತದೆಯೇ? ಅದೆಲ್ಲ ನನ್ನ ಮೂಲಕ ನಡೆಯತೊಡಗಿತು. ಬೈಲಹೊಂಗಲದ ಮಾತು ರಾಮದುರ್ಗಕ್ಕೆ ಬಂದು ಕಿತ್ತೂರಿಗೆ ಹೋಗಬೇಕು. "ನಿನ್ನ ತಮ್ಮಗ ಹೇಳು, ಹೊಲದ ಕಡೆ ಒಂದ ಸಲ ಹಾದ ಬಾ ಅಂತ" ಎಂದು ಅಣ್ಣ. "ನಿಮ್ಮಣ್ಣಗ ಹೇಳು, ಟೈಮ್ ಸಿಕ್ಕಾಗ ಹೋಗತೇನಿ" ಎಂದು ಮಲ್ಲು. ನೋಡಿದಿರಾ, ಒಬ್ಬ ನನ್ನ ತಮ್ಮ, ಇನ್ನೊಬ್ಬ ನನ್ನ ಅಣ್ಣ, ಅವರಿಬ್ಬರೂ ಮಾತ್ರ ಒಬ್ಬರಿಗೊಬ್ಬರು ಏನೂ ಅಲ್ಲ. ನನ್ನ ಫೋನು ಸದಾ ಚಾರ್ಜಿಗೆ ಇರುತ್ತಿತ್ತು. ನಮ್ಮನೆಯವರು ಸೀರೆಯ ಅಂಗಡಿಯಿಂದ ಊಟಕ್ಕೆ ಬಂದವರು, "ಪೋಸ್ಟಾಫೀಸ್ ಬಂದ್ ಆಗಿದ್ರ ಊಟಕ್ಕ ಹಾಕ್ರಿ" ಎನ್ನುತ್ತಿದ್ದರು. ಹೀಗೆ ಏಳೆಂಟು ವರ್ಷ.

ಅಳಿಯ ಇಂಜಿನಿಯರ್, ಹಿಮಾಚಲದಲ್ಲಿ ನದಿಗೆ ಆಣೆಕಟ್ಟು ಕಟ್ಟುವ ಕೆಲಸ. ನಾಲ್ಕೈದು ವರ್ಷದ ಹಿಂದೆ ಒಂದು ಸಂಜೆ ವಿದ್ಯಾ ಅಲ್ಲಿಂದ ಫೋನು ಮಾಡಿದಳು. ತಾನು ಸ್ಕೀ ಕಲಿಯುತ್ತಿದ್ದೇನೆ, ಇನ್ನೂ ಎತ್ತರದ ಇಳಿಜಾರಿನಿಂದ ಒಬ್ಬಳೇ ಇಳಿದಿಲ್ಲ, ಸಂಕ್ರಮಣದ ಹೊತ್ತಿಗೆ ಹಿಮ ಚೆನ್ನಾಗಿ ಬಿದ್ದಿರುತ್ತದೆ, ನೀವೆಲ್ಲ ಬರಬೇಕು ಎಂದಳು.

"ನಾವೆಲ್ಲಾ ಅಂದ್ರ?"

"ನೀ, ದೊಡ್ಡ ಮಾಮಾ, ಸಣ್ಣ ಮಾಮಾ. ಒಂದs ಗಾಡ್ಯಾಗ ಬರಬೇಕವ್ವಾ. ಬ್ಯಾರೆ ಬ್ಯಾರೆ ಬರೂದಿದ್ರ ಯಾರೂ ಬರಬ್ಯಾಡ್ರಿ."

ನಾನು ನಕ್ಕೆ. ಅವಳು ನಗಲಿಲ್ಲ. ಮತ್ತೆ ಅಂದಳು, "ಅವತ್ತ ನನ್ನ ಹಿಂದ ಯಾರೂ ನಿಂತಿರಲಿಲ್ಲವ್ವಾ. ಒಂದ ಸಲ ಬಂದ ನಿಂದರ್ಲಿ. ಎಲ್ಲೆರೆ ನಿಂದರ್ಲಿ."

ಆ ಮಾತು ನನ್ನ ಹೊಟ್ಟೆಯೊಳಗೆ ಕೂತಿತು. ತಾಯಿಯಾಗಿ ಅವಳಿಗೆ ಬಂಗಾರ ಕೊಟ್ಟಿದ್ದೆ, ಭಾಂಡೆ ಕೊಟ್ಟಿದ್ದೆ, ಈ ಒಂದನ್ನು ಕೊಟ್ಟಿರಲಿಲ್ಲ. ಏನಾದರೂ ಮಾಡಿ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕೂಡಿಸಿ ಅವಳ ಮುಂದೆ ಇಳಿಸಬೇಕೆಂದು ಹಟ ಹಿಡಿದೆ.

ಮೊದಲು ಅಣ್ಣನಿಗೆ ಸ್ಕೀ ಎಂದರೇನೆಂದು ತಿಳಿಸಬೇಕಾಯಿತು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಗುಡ್ಡದ ಮೇಲಿಂದ ಜಾರುವುದು ಎಂದೆ. "ಜಾರಾಕ ಅಷ್ಟ ದೂರ ಯಾಕ ಹೋಗಬೇಕ ತಂಗಿ? ನಮ್ಮ ಬಚ್ಚಲದಾಗ ನಾ ದಿನಾ ಜಾರತೇನಿ" ಎಂದ. ಆದರೆ ವಿದ್ಯಾ ಹೇಳಿದ್ದನ್ನು ಹೇಳಿದಾಗ ಯಾವತ್ತು ಹೊರಡುವುದೆಂದು ಕೇಳಿದ. ಕಿತ್ತೂರಿನ ಕಡೆಯೂ ಹಾಗೇ ಆಯಿತು. ಇಬ್ಬರೂ ಬರಲು ಒಪ್ಪಿದರು. ಯಾವುದರಲ್ಲಿ ಎಂಬುದು ಮಾತ್ರ ಉಳಿಯಿತು.

ಅಣ್ಣ ರೈಲು ಎಂದ. ಬೆಳಗಾವಿಯಲ್ಲಿ ಹತ್ತಿದರೆ ದಿಲ್ಲಿ, ಕಾಲು ಚಾಚಬಹುದು, ಬುತ್ತಿ ಎಷ್ಟು ಬೇಕೋ ಅಷ್ಟು ಒಯ್ಯಬಹುದು. ಮಲ್ಲು ಕಾರು ಎಂದ. "ಕಿತ್ತೂರಾಗ ಹೈವೇ ಹತ್ತಿದ್ರ ಮುಗೀತಕ್ಕಾ. ಪುಣೆ, ಮುಂದ ಹಂಗs ಸೀದಾ. ಎಲ್ಲಿ ಬೇಕು ಅಲ್ಲಿ ನಿಂದರಸಬಹುದು ಅಂತ ನಿಮ್ಮಣ್ಣಗ ಹೇಳು." ಹೇಳಿದೆ. "ಹೌದೌದು, ಉಗರಗೋಳದಾಗ ನಿಂದರಸಿದಂಗ" ಎಂದ ಅಣ್ಣ. ಇದನ್ನು ಕಿತ್ತೂರಿಗೆ ದಾಟಿಸಲಿಲ್ಲ. ನಮ್ಮ ಪೋಸ್ಟಾಫೀಸಿನಲ್ಲಿ ಕೆಲವು ಮಾತುಗಳು ವಿಳಾಸ ಸರಿಯಿಲ್ಲವೆಂದು ಉಳಿದುಬಿಡುತ್ತಿದ್ದವು.

ವಿದ್ಯಾ ಹೇಳಿದ್ದು ವಿಮಾನ. ಬೆಳಗಾವಿಯ ಸಾಂಬ್ರಾದಲ್ಲಿ ಹತ್ತಿದರೆ ಅದೇ ದಿನ ದಿಲ್ಲಿ. ವಿಮಾನದ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರ ಮತ ಒಂದೇ ಆಯಿತು, ಅದೂ ಬೇಡ ಎಂದು. "ಹದಿನೈದ ಕಿಲೋ ಒಯ್ರಿ ಅಂದ್ರ ಏನ ಒಯ್ಯೂದು? ರೊಟ್ಟಿ ಒಯ್ಯೂದೋ, ಧೋತರ ಒಯ್ಯೂದೋ?" ಎಂದ ಅಣ್ಣ. "ಮಾರಿ ಕಾಣಲಾರದ ಡ್ರೈವರನ್ನ ನಂಬಿ ನಾ ಕುಂದ್ರಾಂವಲ್ಲ" ಎಂದ ಮಲ್ಲು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ವಿಮಾನ ಎನ್ನುತ್ತಿದ್ದೆ. ನಿಮಗೆ ಮಾತ್ರ ಹೇಳುತ್ತಿದ್ದೇನೆ. ಲಂಗ ಉಡುವ ವಯಸ್ಸಿನಲ್ಲಿ ಬೈಲಹೊಂಗಲದ ಮಾಳಿಗೆಯ ಮೇಲೆ ಶಾವಿಗೆ ಕಾಯಲು ಕೂಡಿಸುತ್ತಿದ್ದರು. ಕಾಗೆ ಓಡಿಸುವ ಕೋಲು ಹಿಡಿದು ನಾನು ಆಕಾಶದಲ್ಲಿ ಬಿಳಿ ಗೆರೆ ಎಳೆದುಕೊಂಡು ಹೋಗುವ ವಿಮಾನ ನೋಡುತ್ತಿದ್ದೆ. ಆ ಕಿಟಕಿಯಲ್ಲಿ ಕೂತವರಿಗೆ ನಮ್ಮ ಮಾಳಿಗೆ, ಶಾವಿಗೆ, ನಾನು ಕಾಣುತ್ತೇವೆಯೋ ಎಂದು ಯೋಚಿಸುವಷ್ಟರಲ್ಲಿ ಕಾಗೆ ಬಂದು ಹೋಗಿರುತ್ತಿತ್ತು. ಶಾವಿಗೆಯ ಲೆಕ್ಕದಲ್ಲಿ ನಾನು ತಿಂದ ಬೈಗುಳಕ್ಕೆಲ್ಲ ವಿಮಾನವೇ ಕಾರಣ. ಮುಂದೆ ಮದುವೆ, ಮಗಳು, ಮನೆ. ವಿಮಾನ ಹತ್ತುವ ಆಸೆಯನ್ನು ಯಾರಿಗಾದರೂ ಹೇಳಬೇಕೆಂದು ಅನಿಸಿರಲೇ ಇಲ್ಲ.

ಆದರೆ ಇದು ನನ್ನ ಆಸೆ ತೀರಿಸಿಕೊಳ್ಳುವ ಪ್ರಯಾಣವಾಗಿರಲಿಲ್ಲ. ಕೂತು ಯೋಚಿಸಿದೆ. ಕಾರಿನಲ್ಲಿ ಹೋದರೆ ಸ್ಟೇರಿಂಗ್ ಮಲ್ಲುವಿನದು, ಗೊಣಗು ಅಣ್ಣನದು. ಇಲ್ಲಿಂದ ದಿಲ್ಲಿಯವರೆಗೆ ಎಷ್ಟು ತಿರುವುಗಳೋ ಅಷ್ಟು ಸಲ ಆ ಮದುವೆ ಮತ್ತೆ ತಪ್ಪುತ್ತದೆ. ವಿಮಾನದಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ಇಬ್ಬರೂ ಮುಂದಿನ ಸೀಟಿನ ಬೆನ್ನು ನೋಡುತ್ತ ಕೂತು, ಮಾತಾಡದೆಯೇ ಇಳಿದುಬಿಡಬಹುದು. ರೈಲಿನಲ್ಲಿ ಎದುರುಬದುರು ಕೂಡಬೇಕು. ಮೇಲಾಗಿ ರೈಲಿಗೆ ದಾರಿ ಆರಿಸುವವರು ನಾವಲ್ಲ, ಕಾಯಿ ಒಡೆಸಲು ನಿಲ್ಲಿಸುವವರೂ ನಾವಲ್ಲ. ತಡವಾದರೆ ಇಡೀ ಡಬ್ಬಿಯವರು ಕೂಡಿ ಬಯ್ಯಲು ಬೇರೆ ಯಾರೋ ಇರುತ್ತಾರೆ. ರೈಲೇ ಸರಿ ಎಂದು ತೀರ್ಮಾನಿಸಿದೆ.

ಮಲ್ಲುವನ್ನು ಒಪ್ಪಿಸಲು ಹೆಚ್ಚು ಕಷ್ಟವಾಗಲಿಲ್ಲ. "ನಿಮ್ಮಣ್ಣ ಅಂತಾನ, ಮಲ್ಲುಗ ಎರಡ ದಿನ ಸ್ಟೇರಿಂಗ್ ಬಿಟ್ಟ ಇರೂದ ನೀಗೂದಿಲ್ಲ ಅಂತ" ಎಂದೆ. ಅಣ್ಣ ಹಾಗೆ ಅಂದಿರಲಿಲ್ಲ. ಅನ್ನಬಹುದಾಗಿತ್ತು. "ಯಾಕ ನೀಗೂದಿಲ್ಲ? ತಿಕೀಟ ತಗಸು" ಎಂದ ಮಲ್ಲು. ನಮ್ಮನೆಯವರನ್ನೂ ಕರೆದೆ. "ಬರ್ಫ ನಮ್ಮ ಫ್ರಿಜ್ಜಿನ್ಯಾಗೂ ಐತಿ. ನೀವ ಹೋಗಿ ಬರ್ರಿ" ಎಂದರು.

ನಮ್ಮ ಕಡೆ ರೈಲಿನಲ್ಲಿ ಬುತ್ತಿ ಬಿಚ್ಚಿದರೆ ಎದುರಿಗೆ ಕೂತವರಿಗೆ ಕೊಡದೆ ತಿನ್ನುವ ರೂಢಿ ಇಲ್ಲ. ಅಂದು ಎರಡು ಬುತ್ತಿ ಬಿಚ್ಚಿಕೊಂಡವು. ಅಣ್ಣನ ಮನೆಯದರಲ್ಲಿ ಕಟಕ ರೊಟ್ಟಿ, ಗುರೆಳ್ಳು ಹಿಂಡಿ. ಮಲ್ಲುವಿನ ಮನೆಯದರಲ್ಲಿ ಚಪಾತಿ, ಶೇಂಗಾ ಹೋಳಿಗೆ. ಪುಣೆಯಲ್ಲಿ ಹತ್ತಿದ ಗಂಡಹೆಂಡತಿ ಎರಡರಲ್ಲೂ ಉಂಡರು. ಪಕ್ಕದ ಸಾಲಿನ ಸಿಪಾಯಿ ಎರಡರಲ್ಲೂ ಉಂಡ. ನಾನೂ ಎರಡರಲ್ಲೂ ಉಂಡು ಹೊಟ್ಟೆ ಭಾರ ಮಾಡಿಕೊಂಡೆ. ಅಣ್ಣತಮ್ಮಂದಿರು ಮಾತ್ರ ತಮ್ಮ ತಮ್ಮ ಬುತ್ತಿ ಬಿಟ್ಟು ಆಚೆ ಕೈ ಹಾಕಲಿಲ್ಲ. ಪುಣೆಯ ಆ ಹೆಂಗಸು ಇಬ್ಬರ ಮೂಗನ್ನೂ ನೋಡಿ, ಇವರು ಒಂದೇ ಮನೆಯವರಾ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಹೌದು, ನಡುವೆ ಒಂದು ಗುಡ್ಡ ಇದೆ ಎಂದೆ. ಅವಳಿಗೇನು ತಿಳಿಯಿತೋ.

ನಾನು ನಡುವೆ ಇದ್ದರೆ ತಾನೇ ನನ್ನ ಮೂಲಕ ಮಾತು? ನಿದ್ದೆ ಬಂದವಳಂತೆ ಮುಸುಕು ಹಾಕಿ ಮಲಗಿದೆ. ಸ್ವಲ್ಪ ಹೊತ್ತಿಗೆ ಅಣ್ಣ ನನ್ನ ಭುಜ ಅಲುಗಾಡಿಸಿದ. "ತಂಗೀ, ಏಳು. ಚಾ ಬಂದೈತಿ, ನಿನ್ನ ತಮ್ಮ ಕುಡೀತಾನೇನ ಕೇಳು." ಮಲ್ಲು ಅಲ್ಲೇ, ಅವನ ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತಿದ್ದ. ನನಗೆ ಎಷ್ಟು ಸಿಟ್ಟು ಬಂತೆಂದರೆ ಮೂರು ಕಪ್ಪು ಚಹಾ ತೆಗೆದುಕೊಂಡು ಮೂರನ್ನೂ ನಾನೇ ಕುಡಿದೆ.

ದಿಲ್ಲಿ ಬಂದರೂ ಅವರ ನಡುವೆ ಒಂದು ಮಾತು ಹುಟ್ಟಲಿಲ್ಲ. ನನ್ನ ಹಂಚಿಕೆ ಮಣ್ಣುಗೂಡಿತು. ಇದಕ್ಕೆ ವಿಮಾನದಲ್ಲಾದರೂ ಬರಬಹುದಿತ್ತಲ್ಲ, ನನ್ನ ಆಸೆಯಾದರೂ ತೀರುತ್ತಿತ್ತು ಎಂದು ಸೊಂಟ ಹಿಡಿದುಕೊಂಡು ಪ್ಲಾಟ್‌ಫಾರ್ಮಿನ ಮೇಲೆ ಇಳಿದೆ. ಇಬ್ಬರೂ ಹೀಗೆ ಮುಖ ತಿರುವಿಕೊಂಡೇ ವಿದ್ಯಾಳ ಮನೆ ಹೊಕ್ಕರೆ ಅವಳು ಏನೆಂದುಕೊಳ್ಳುತ್ತಾಳೆ? ಬರದೇ ಇದ್ದಿದ್ದರೇ ಲೇಸಾಗುತ್ತಿತ್ತು.

ಅಳಿಯ ಬಾಡಿಗೆಯ ಗಾಡಿ ಕಳಿಸಿದ್ದ. ಹಿಮಾಚಲದ ಗುಡ್ಡ ಹತ್ತಲು ಶುರುವಾದ ಮೇಲೆ ಎಡಕ್ಕೊಂದು, ಬಲಕ್ಕೊಂದು ತಿರುವು. ಕಿಟಕಿಯಾಚೆ ನೋಡಿದರೆ ನದಿ ದಾರದಷ್ಟು ತೆಳ್ಳಗೆ. ಮುಂದೆ ಡ್ರೈವರನ ಪಕ್ಕ ನಾನು, ಹಿಂದೆ ಅವರಿಬ್ಬರು, ನಡುವೆ ರೊಟ್ಟಿಯ ಗಂಟು. ಸ್ವಲ್ಪ ದೂರ ಹೋಗುವುದರಲ್ಲಿ ಹಿಂದಿನಿಂದ ಓಕರಿಕೆಯ ಸದ್ದು. ತಿರುಗಿ ನೋಡಿದರೆ ಮಲ್ಲು! ಹೈವೇ ಬದಿಗೆ ಟಾಯರು ಮಾರಿ ಬದುಕಿದವನು, ನಮ್ಮ ಕಡೆಯ ರಸ್ತೆಯೆಲ್ಲ ತನ್ನದೇ ಎಂಬಂತೆ ಓಡಾಡಿದವನು, ಮುಖ ಬಿಳಿಚಿಕೊಂಡು ಕಿಟಕಿಗೆ ತಲೆ ಕೊಟ್ಟಿದ್ದ. ಸ್ಟೇರಿಂಗ್ ಹಿಡಿದರೆ ಯಾವ ಘಟ್ಟವಾದರೂ ಸೈ. ಇನ್ನೊಬ್ಬರು ಹೊಡೆಯುವ ಗಾಡಿಯ ತಿರುವು ಅವನ ಹೊಟ್ಟೆಗೆ ಆಗದು ಎಂಬುದು ಅವನಿಗೂ ಅಂದೇ ತಿಳಿಯಿತು.

ಅಣ್ಣ ಅಂಗಿಯ ಕಿಸೆಗೆ ಕೈ ಹಾಕಿದ. ಪ್ರಯಾಣಕ್ಕೆ ಹೊರಟರೆ ಅವನ ಕಿಸೆಯಲ್ಲಿ ಲಿಂಬಿಹಣ್ಣು ಇದ್ದೇ ಇರುತ್ತದೆ. ಉಗುರಿನಿಂದ ಅದರ ಸಿಪ್ಪೆ ಗೀರಿ ಮಲ್ಲುವಿನ ಮೂಗಿಗೆ ಹಿಡಿದ. ಇನ್ನೊಂದು ಕೈಯಿಂದ ಅವನ ಬೆನ್ನು ಸವರಿದ.

"ತಮ್ಮಾ, ಕಡೀಕ ನೋಡಬ್ಯಾಡ. ಮುಂದ ನೋಡು, ರಸ್ತಾ ನೋಡು. ಇದನ್ನ ಮೂಸು."

"ಸಾವಕಾಶ ಹೊಡಿ ಅಂತ ಅವಗ ಹೇಳೋ ಅಣ್ಣಾ" ಎಂದು ಮಲ್ಲು ನರಳಿದ.

ತಮ್ಮಾ ಎಂದದ್ದು, ಅಣ್ಣಾ ಎಂದದ್ದು ಅವರಿಬ್ಬರಿಗೂ ಗೊತ್ತಾಗಲಿಲ್ಲ. ನಾನು ಕೇಳಿಸಿಕೊಂಡದ್ದು ಗೊತ್ತಾದರೆ ಎಲ್ಲಿ ಮತ್ತೆ ನಿಂತುಬಿಡುತ್ತದೋ ಎಂದು ಕುತ್ತಿಗೆ ಕೂಡ ಹೊರಳಿಸದೆ ಮುಂದಿನ ರಸ್ತೆಯನ್ನೇ ನೋಡುತ್ತ ಕೂತೆ. ರೈಲಿನ ಸಪಾಟು ಹಳಿಯ ಮೇಲೆ ಆಗದ್ದು ಹಾಳು ತಿರುವಿನಲ್ಲಿ ಆಯಿತು. ಯಾವ ವಾಹನದಿಂದ ಏನಾಗುತ್ತದೆಂದು ಲೆಕ್ಕ ಹಾಕಿದ ನನ್ನ ಜಾಣತನಕ್ಕೆ ಆ ಲಿಂಬಿಹಣ್ಣಿನಷ್ಟು ಬೆಲೆಯೂ ಇರಲಿಲ್ಲ.

ಮರುದಿನ ಹಿಮದ ಮೇಲೆ ಹೋದೆವು. ಹಿಮ ನೋಡಿದ ಕೂಡಲೇ ಏನೇನೋ ಅನಿಸುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಮೊದಲು ಅನಿಸಿದ್ದು ಇಷ್ಟು ಬೆಳ್ಳಗಿನ ಜಾಗವನ್ನು ಚಪ್ಪಲಿಯಲ್ಲಿ ತುಳಿಯುವುದು ಹೇಗೆ ಎಂದು. ಅಲ್ಲಿ ಬಾಡಿಗೆಗೆ ದೊಗಲೆ ಅಂಗಿ, ಪಾಟಲೋನು, ಮೊಳಕಾಲುದ್ದದ ಬೂಟು ಕೊಡುತ್ತಾರೆ. ಅಣ್ಣ ಧೋತರ ಬಿಚ್ಚಲು ಒಪ್ಪದೆ ಅದರ ಮೇಲೆಯೇ ಪಾಟಲೋನು ಏರಿಸಿದ. ಎರಡೂ ಕಡೆ ಉಬ್ಬಿಕೊಂಡು, ಹತ್ತಿ ತುಂಬಿದ ಅಂಡಿಗೆ ನಡೆದು ಬಂದಂತೆ ಕಾಣುತ್ತಿದ್ದ. ನನಗೆ ವಿದ್ಯಾ ಈ ನೀಲಿ ಕೈಗವಸು ಕೊಡಿಸಿದಳು.

ಇಳಿಜಾರಿನ ನೆತ್ತಿಯಲ್ಲಿ ಅವಳು ಕಾಲಿಗೆ ಹಲಗೆ ಸಿಕ್ಕಿಸಿಕೊಂಡು ನಿಂತಳು. ಕೆಳಗೆ ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳಿಗೂ ಹೆದರಿಕೆ ಇತ್ತು, ತುಟಿ ಕಚ್ಚಿಕೊಂಡಿದ್ದಳು. ಕಲಿಸುವ ಮನುಷ್ಯ ಕೆಳಗಿನಿಂದ ಬಾ ಎಂದು ಕೈ ಬೀಸುತ್ತಿದ್ದ. ಅವಳು ತಿರುಗದೆಯೇ ಹೇಳಿದಳು, "ಮಾಮಾ, ಹಿಂದ ಬಂದ ನಿಂದರ್ರಿ. ಇಬ್ಬರೂ."

ಇಬ್ಬರೂ ಹೋಗಿ ನಿಂತರು. ಬೂಟಿನ ಕಾಲು ಹಿಮದಲ್ಲಿ ಹೂತುಹೋಗುತ್ತಿದ್ದವು, ಒಬ್ಬರ ತೋಳು ಒಬ್ಬರು ಹಿಡಿಯದೆ ನಿಲ್ಲುವ ಹಾಗಿರಲಿಲ್ಲ, ಹಿಡಿದರು. ವಿದ್ಯಾ ಒಂದು ಸಲ ಹಿಂದೆ ತಿರುಗಿ ನೋಡಿದಳು. ಹಂದರದಲ್ಲಿ ನೋಡಿದ ಹಾಗೇ. ಈ ಸಲ ಅವಳ ಮಾವಂದಿರು ಅಲ್ಲಿದ್ದರು. ಮಲ್ಲು ಬಗ್ಗಿ ಒಂದು ಮುಷ್ಟಿ ಹಿಮ ತೆಗೆದು ಅರ್ಧವನ್ನು ಅಣ್ಣನ ಕೈಗೆ ಸುರಿದ. ಇಬ್ಬರೂ ಅದನ್ನು ಅವಳ ತಲೆಯ ಮೇಲೆ ಅಕ್ಷತೆಯ ಹಾಗೆ ಹಾಕಿದರು. ನನಗೆ ಅಳು ಬಂತು. ಮುಚ್ಚಿಡುವುದೇಕೆ, ಅಲ್ಲೇ ನಿಂತು ಅತ್ತೆ. ಹಿಮ ಕೊರಳಪಟ್ಟಿಯೊಳಗೆ ಇಳಿದು ವಿದ್ಯಾ ಕಿಟಾರನೆ ಕಿರುಚಿ, ಕಿರುಚುತ್ತಲೇ ಜಾರಿದಳು. ಎಡಕ್ಕೆ ಹೊರಳಿ, ಬಲಕ್ಕೆ ಹೊರಳದೆ ಸ್ವಲ್ಪ ತಡವರಿಸಿ, ಬೀಳದೆ ಕೆಳಗೆ ಮುಟ್ಟಿ ಎರಡೂ ಕೈ ಮೇಲೆತ್ತಿದಳು. ಇಲ್ಲಿ ಮೇಲೆ ಕುಣಿಯಲು ಹೋದ ಅವಳ ಮಾವಂದಿರು ಒಬ್ಬರ ಮೇಲೊಬ್ಬರು ಬಿದ್ದರು. ಆ ಬೂಟಿನಲ್ಲಿ ತಾವಾಗಿ ಏಳಲು ಇಬ್ಬರಿಗೂ ಆಗಲಿಲ್ಲ. ಕೈ ಕೊಡೋ ಅಂದರೆ ನೀ ಮೊದಲು ಕೊಡೋ ಎನ್ನುತ್ತ ಎಷ್ಟೋ ಹೊತ್ತು ನಗುತ್ತ ಬಿದ್ದುಕೊಂಡಿದ್ದರು.

ಹಸಿವೆಯಾಗಿತ್ತು. ಅಣ್ಣ ದೊಗಲೆ ಅಂಗಿಯ ಒಳಗಿನಿಂದ ಉಳಿದ ರೊಟ್ಟಿ ತೆಗೆದು ಹಿಂಡಿಯ ಪೊಟ್ಟಣ ಬಿಚ್ಚಿದ. ಗಾಳಿ ಬೀಸಿತು. ಹಾರಿಹೋಗುತ್ತದೆಂದು ನಾನು ಬಲಗೈ ಬೊಗಸೆ ಮಾಡಿ ಹಿಡಿದೆ, ಹಿಂಡಿಯಷ್ಟೂ ನನ್ನ ಕೈಗವಸಿನ ಅಂಗೈಗೆ ಸುರಿಯಿತು, ಸ್ವಲ್ಪ ಒಳಗೂ ಇಳಿಯಿತು. ಬೇರೆ ತಾಟಿಲ್ಲ. ಅಣ್ಣ ರೊಟ್ಟಿ ಮುರಿದು ಅರ್ಧ ಮಲ್ಲುವಿಗೆ ಕೊಟ್ಟ. ಇಬ್ಬರೂ ನನ್ನ ಅಂಗೈಯಲ್ಲಿ ರೊಟ್ಟಿ ಒತ್ತಿ ಒತ್ತಿ ತಿಂದರು.

"ವೈನಿ ಕೈ ಹಿಂಡಿ ಇನ್ನೂ ಹಂಗs ಐತಿ" ಎಂದು ಮಲ್ಲು ಅತ್ತಿಗೆಯನ್ನು ನೆನೆದ.

ಅಣ್ಣ ಅಗಿಯುತ್ತ ಹಿಮದ ಕಡೆ ನೋಡಿದ. "ಅವತ್ತ ಆ ಕಾಯಿ ಹೊಳ್ಳಿ ಬರುವಾಗ ಒಡಸಬಹುದಿತ್ತು."

"ಆ ದಾರಿ ನಾನs ಹಿಡೀಬಾರದಿತ್ತು ಬಿಡು" ಎಂದ ಮಲ್ಲು.

ಅಷ್ಟೇ ಮಾತು. ಕೈ ಅಲುಗಿಸಿದರೆ ಹಿಂಡಿ ಚೆಲ್ಲೀತೆಂದು ನಾನು ರೊಟ್ಟಿ ಮುಗಿಯುವವರೆಗೆ ಹಾಗೇ ಹಿಡಿದುಕೊಂಡಿದ್ದೆ. ತೋಳು ನೋಯುತ್ತಿತ್ತು, ಆದರೂ ಬೇಗ ಮುಗಿಯದಿರಲಿ ಅನಿಸುತ್ತಿತ್ತು.

ಮಾಳಿಗೆಯ ಬಿಸಿಲಲ್ಲಿ ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗಲೇ ಫೋನು ಬಂತು. ಈಗ ನನ್ನ ಫೋನು ಅಷ್ಟು ಬಡಿದುಕೊಳ್ಳುವುದಿಲ್ಲ. ಬೈಲಹೊಂಗಲದ ಸುದ್ದಿ ನೇರ ಕಿತ್ತೂರಿಗೆ ಹೋಗುತ್ತದೆ, ನನಗೆ ಗೊತ್ತಾಗುವುದು ಎಲ್ಲರಿಗಿಂತ ಕೊನೆಗೆ. ಕೆಲಸ ಹೋದದ್ದಕ್ಕೆ ಇಷ್ಟು ಖುಷಿಪಟ್ಟ ನೌಕರಿಯವಳು ನಾನೊಬ್ಬಳೇ ಇರಬೇಕು. ಫೋನಿನಲ್ಲಿ ಎರಡು ದನಿ ಒಟ್ಟಿಗೆ. ಅಣ್ಣ ಮಲ್ಲುವಿನ ಅಂಗಡಿಯಲ್ಲಿ ಕೂತಿದ್ದ. ಆಮೇಲೆ ಹುಟ್ಟಿದ ವಿದ್ಯಾಳ ಮಗಳು ಈ ವರ್ಷ ಮೊದಲ ಸಲ ಹಲಗೆಯ ಮೇಲೆ ನಿಲ್ಲುತ್ತಾಳಂತೆ, ಹಿಂದೆ ನಿಲ್ಲಲು ಅಜ್ಜಂದಿರು ಬೇಕಂತೆ.

"ತಂಗೀ, ಕಾರಿನ್ಯಾಗ ಹೋಗೂಣು ಅಂತ ಹೇಳಾಕ ಹತ್ತೇನಿ. ಮಲ್ಲು ಭಾಳ ಚಂದ ಹೊಡೀತಾನ, ಈ ಮಗಾ ಕೇಳವಲ್ಲ" ಎಂದ ಅಣ್ಣ.

"ಅಕ್ಕಾ, ರೈಲಿನ್ಯಾಗ ಹೋದ್ರ ವೈನಿ ಬುತ್ತಿ ಕಟ್ಟತಾರ, ಆರಾಮ ಉಣ್ಣಕೋತ ಹೋಗಬಹುದು. ನೀನರ ಹೇಳು ಇವಗ" ಎಂದ ಮಲ್ಲು.

ಮೊದಲಿನ ನಾನಾಗಿದ್ದರೆ ಕೂತು ಲೆಕ್ಕ ಹಾಕುತ್ತಿದ್ದೆ, ಯಾವುದರಲ್ಲಿ ಯಾರ ಎದುರು ಯಾರು, ನಡುವೆ ನಾನು ಎಲ್ಲಿ. ಕೈಗವಸು ಮಡಿಲಲ್ಲಿತ್ತು. ತಲೆಯ ಮೇಲೆ ಆಕಾಶದಲ್ಲಿ ಏನೂ ಇರಲಿಲ್ಲ, ಆದರೂ ಮೇಲೆ ನೋಡಿದೆ.

"ನೀವಿಬ್ಬರೂ ಯಾವದರಾಗ ಬೇಕ ಅದರಾಗ ಬರ್ರಿ. ನಾ ವಿಮಾನದಾಗ ಹೋಗತೇನಿ" ಎಂದೆ.

ಅಣ್ಣ ಕೇಳಿದ, "ಒಬ್ಬಾಕೀನs? ಮತ್ತ ನಮ್ಮಿಬ್ಬರ ನಡುವ ಯಾರ ಕುಂದ್ರತಾರ?"

"ಬುತ್ತಿ ಇಟಗೋರಿ" ಎಂದೆ.

ಫೋನು ಇಟ್ಟು, ನಮ್ಮನೆಯವರಿಗೆ ಟಿಕೀಟು ತೆಗೆಸಲು ಹೇಳಿದೆ, ಕಿಟಕಿಯ ಪಕ್ಕದ್ದೇ ಬೇಕೆಂದೂ ಹೇಳಿದೆ. ಬಿಸಿಲಿಗೆ ಹಾಕಿದ ಬಟ್ಟೆಗಳಲ್ಲಿ ಸ್ವೆಟರು, ಶಾಲು ತೊಳೆಯಲು ಕೊಟ್ಟೆ. ಕೈಗವಸು ಕೊಡಲಿಲ್ಲ. ವಿಮಾನದ ಹದಿನೈದು ಕಿಲೋದಲ್ಲಿ ಆ ವಾಸನೆಗೂ ಜಾಗವಿದೆ.